ಮಿಸ್ ಆಕ್ಲಿಯ ಅತಿಥಿ ಮತ್ತು ಇಪ್ಪತ್ತನಾಲ್ಕು ವರ್ಷದ ಮೀನು

ನಮ್ಮ ಆಲ್ಡರ್‌ಸ್ಟೋ ಪೇಟೆಯಲ್ಲಿ ಗುಟ್ಟು ಎಂಬುದು ಬಟ್ಟಲಿನ ಚಹಾ ಆರುವಷ್ಟು ಹೊತ್ತೂ ಬದುಕುವುದಿಲ್ಲ. ಕುರಿಬೀದಿಯ ಮೇಲಿನ ತುದಿಯಲ್ಲಿ ಒಬ್ಬರು ಸೀನಿದರೆ ಕೆಳಗಿನ ತುದಿಯ ಔಷಧದಂಗಡಿಯಲ್ಲಿ ಅವರ ಹೆಸರಿನ ಪೊಟ್ಟಣ ಕಟ್ಟಿ ಇಟ್ಟಾಗಿರುತ್ತದೆ. ಆ ಬೀದಿಯಲ್ಲಿ ಐವತ್ತು ವರ್ಷ ಕುದುರೆಗಳಿಗೆ ಜೀನು ಹೊಲಿದವನು ನಾನು. ಕುದುರೆಗಳು ಮುಗಿದ ಮೇಲೆ ಪ್ರವಾಸಿಗರ ಸೊಂಟಕ್ಕೆ ಬೆಲ್ಟು ಹೊಲಿದೆ. ನನಗೆ ಗೊತ್ತಿಲ್ಲದ ಸಂಗತಿ ಈ ಊರಲ್ಲಿ ನಡೆದಿದ್ದರೆ ಅದು ನಾನು ಹುಟ್ಟುವ ಮೊದಲು ನಡೆದದ್ದಾಗಿರಬೇಕು, ಅದರಲ್ಲೂ ಅರ್ಧ ನನಗೆ ಗೊತ್ತು. ಸುದ್ದಿಯನ್ನು ಮುಟ್ಟಬೇಕಾದವರಿಗೆ ಮುಟ್ಟಿಸುವುದರಲ್ಲಿ ನಮ್ಮೂರನ್ನು ಮೀರಿಸುವ ಊರು ಇಂಗ್ಲೆಂಡಿನಲ್ಲಿಲ್ಲ ಎಂದು ನಾನು ಎದೆ ತಟ್ಟಿಕೊಂಡು ಹೇಳುತ್ತಿದ್ದೆ.

ನನ್ನ ಅಂಗಡಿಯ ಎದುರು ಮನೆ ಮಿಸ್ ಮೇವಿಸ್ ಆಕ್ಲಿಯದು. ನಾವಿಬ್ಬರೂ ಒಂದೇ ಶಾಲೆಯ ಒಂದೇ ಬೆಂಚಿನಲ್ಲಿ ಕೂತವರು. ಹಾಗಾಗಿ ನನಗೊಬ್ಬನಿಗೆ ಅವಳು ಮೇವಿಸ್, ಉಳಿದ ಊರಿಗೆಲ್ಲ ಮಿಸ್ ಆಕ್ಲಿ. ನಾನೂರು ವರ್ಷದ ಮನೆ ಅದು: ಕಪ್ಪು ತೊಲೆ, ಬಿಳಿ ಗಾರೆ, ಬೀದಿಯ ಮೇಲೆ ಬಾಗಿಕೊಂಡ ಮೇಲಂತಸ್ತು. ನಮ್ಮ ಎರಡು ಮನೆಗಳ ಮೇಲಂತಸ್ತುಗಳು ಎಷ್ಟು ಹತ್ತಿರವೆಂದರೆ ನಮ್ಮಪ್ಪ ತನ್ನ ಕಿಟಕಿಯಲ್ಲಿ ನಿಂತು ಅವಳಪ್ಪನ ಕನ್ನಡಿ ನೋಡಿಕೊಂಡು ಗಡ್ಡ ಹೆರೆದುಕೊಳ್ಳುತ್ತಿದ್ದ. ಒಂದು ದಿನ ಅವಸರದಲ್ಲಿ ಒಬ್ಬರ ಗಡ್ಡವನ್ನು ಇನ್ನೊಬ್ಬರು ಹೆರೆದರಂತೆ. ಆ ಮನೆಯ ನೆಲಗಳೆಲ್ಲ ವಾಲಿವೆ. ಊಟದ ಮೇಜಿನಿಂದ ಬೇಯಿಸಿದ ಮೊಟ್ಟೆ ಜಾರಿತೆಂದರೆ ಅದು ಹಜಾರ ದಾಟಿ, ಹೊಸಿಲು ದಾಟಿ, ಬೀದಿಯಿಳಿದು ನದಿ ಸೇರುತ್ತದೆ. ಅಲ್ಲಿನ ಬಾತುಕೋಳಿಯೊಂದು ಅದನ್ನು ತನ್ನದೆಂದು ತಿಳಿದು ಮೂರು ವಾರ ಕಾವು ಕೊಟ್ಟದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಮೇವಿಸ್‌ಗೆ ಹದಿನೆಂಟು ತುಂಬಿದಾಗ ಉಪಾಧ್ಯಾಯರ ತರಬೇತಿ ಕಾಲೇಜಿನಲ್ಲಿ ಜಾಗ ಸಿಕ್ಕಿತ್ತು. ಪೆಟ್ಟಿಗೆ ಕಟ್ಟಿದ ವಾರವೇ ತಾಯಿ ಹಾಸಿಗೆ ಹಿಡಿದಳು. ಪೆಟ್ಟಿಗೆ ಬಿಚ್ಚಿಟ್ಟು ಗಂಜಿ ಕಾಯಿಸಲು ನಿಂತ ಹುಡುಗಿ, ತಾಯಿ ಹದಿಮೂರು ವರ್ಷ ಹಾಸಿಗೆಯಲ್ಲೇ ಬಾಳಿದ್ದರಿಂದ, ಒಲೆಯ ಮುಂದೆಯೇ ಮೂವತ್ತು ದಾಟಿದಳು. ಯುದ್ಧ ಮುಗಿದ ಮೇಲೆ, ಚರ್ಚುಗಳ ಆರ್ಗನ್ ವಾದ್ಯ ರಿಪೇರಿ ಮಾಡುತ್ತಿದ್ದ ತಂದೆಯೂ ಹೋದ. ಆಗ ಅವಳು ಕಿಟಕಿಗೆ ‘ಕೋಣೆಗಳಿವೆ’ ಎಂಬ ಬೋರ್ಡು ತೂಗುಹಾಕಿ, ಊರು ನೋಡಲು ಬರುವವರನ್ನು ಇಟ್ಟುಕೊಳ್ಳತೊಡಗಿದಳು. ಹಾಸಿಗೆ, ಬೆಳಗಿನ ತಿಂಡಿ, ಅಷ್ಟೇ. ತಿಂಡಿ ಎಂಟೂವರೆಗೆ. ಎಂಟು ಮೂವತ್ತೆರಡಕ್ಕೆ ಇಳಿದು ಬಂದವರಿಗೂ ತಿಂಡಿ ಸಿಗುತ್ತಿತ್ತು, ಆದರೆ ಅವಳ ನೋಟವನ್ನು ಎದುರಿಸಿ ತಿಂದವರು ಆಮೇಲೆ ಜೀವಮಾನವಿಡೀ ರೈಲು ತಪ್ಪಿಸಿಕೊಂಡವರಲ್ಲ.

ಐವತ್ತೆಂಟನೇ ಇಸವಿಯ ಮೇ ತಿಂಗಳ ಎರಡನೆಯ ವಾರ ಮಿಸ್ಟರ್ ಲೈನಲ್ ಹ್ಯಾಚರ್ಡ್ ಬಂದರು. ಬರ್ಮಿಂಗ್‌ಹ್ಯಾಮಿನಲ್ಲಿ ನಕ್ಷೆ ಬಿಡಿಸುವ ನೌಕರಿ, ಮದುವೆಯಾಗಿರಲಿಲ್ಲ, ಎತ್ತರದ, ಬಡಕಲು ಮನುಷ್ಯ. ಬಾಗಿಲಲ್ಲಿ ತಲೆ ತಗ್ಗಿಸದೆ ಬಂದು ತೊಲೆಗೆ ಹಣೆ ಬಡಿಸಿಕೊಂಡು, ತೊಲೆಯ ಬಳಿ ಕ್ಷಮೆ ಕೇಳಿದರು. ಹಳೆಯ ಮನೆಗಳ ಚಿತ್ರ ಬರೆಯುವುದು ಅವರ ಹವ್ಯಾಸ, ಅದಕ್ಕಾಗಿ ಒಂದು ವಾರ ಉಳಿಯಲು ಬಂದಿದ್ದರು.

ಮೊದಲ ದಿನ ಬೆಳಿಗ್ಗೆ ಮೇವಿಸ್ ಅವರ ಮುಂದೆ ಕಿಪ್ಪರ್ ಇಟ್ಟಳು. ಅಂದರೆ ಹೆರಿಂಗ್ ಮೀನನ್ನು ಸೀಳಿ, ಉಪ್ಪು ಹಚ್ಚಿ, ಹೊಗೆಯಲ್ಲಿ ಒಣಗಿಸಿದ್ದು. ಅವಳ ತಂದೆಗೆ ಅದು ಪ್ರಾಣ. ಹ್ಯಾಚರ್ಡರಿಗೆ ಅದರ ವಾಸನೆಯೇ ಆಗುತ್ತಿರಲಿಲ್ಲ. ಆದರೆ ತಟ್ಟೆ ಎತ್ತಲು ಬಂದ ಮೇವಿಸ್ ಹೇಗಿತ್ತೆಂದು ಕೇಳಿದಾಗ, ನಮ್ಮಲ್ಲಿ ಯಾವ ಗಂಡಸಾದರೂ ಹೇಳುವಂತೆ, ಬಹಳ ಚೆನ್ನಾಗಿತ್ತು ಎಂದುಬಿಟ್ಟರು. ಮಾತು ಆಡಿದ್ದಾಯಿತು. ಮರುದಿನವೂ ಮೀನು ಬಂತು. ಅದರ ಮರುದಿನವೂ. ಮರುವರ್ಷ ಅವರು ಬರುವ ಮುನ್ನಾದಿನ ಮೇವಿಸ್ ಒಂಬತ್ತು ಮೈಲಿ ಬಸ್ಸಿನಲ್ಲಿ ಹೋಗಿ ಆರು ಬೆಳಗಿಗಾಗುವಷ್ಟು ಮೀನು ತಂದಳು, ಮಿಸ್ಟರ್ ಹ್ಯಾಚರ್ಡ್‌ಗೆ ಇಷ್ಟ ಎಂದು. ಹೀಗೆ ಇಪ್ಪತ್ತನಾಲ್ಕು ವರ್ಷ.

ಅವರು ತಿನ್ನುತ್ತಿರಲಿಲ್ಲ. ಮೇವಿಸ್ ತಟ್ಟೆ ಇಟ್ಟು ಅಡುಗೆಮನೆಗೆ ತಿರುಗಿದ ಕೂಡಲೇ ಮೀನನ್ನು ಎಣ್ಣೆಕಾಗದದಲ್ಲಿ ಸುತ್ತಿ ಕೋಟಿನ ಜೇಬಿಗೆ ಸೇರಿಸುತ್ತಿದ್ದರು. ಒಂಬತ್ತು ಗಂಟೆಗೆ ಬೀದಿ ದಾಟಿ ನನ್ನ ಅಂಗಡಿಗೆ ಬಂದು, ಹವಾಮಾನದ ಬಗ್ಗೆ ನಾಲ್ಕು ಮಾತಾಡಿ, ನಮ್ಮ ಬೆಕ್ಕು ಬಿಷಪ್‌ನ ಮುಂದೆ ಜೇಬು ಖಾಲಿ ಮಾಡುತ್ತಿದ್ದರು. ಮೇ ತಿಂಗಳು ಬಂದರೆ ಬಿಷಪ್ ಬೆಳಿಗ್ಗೆ ಮೈ ನೆಕ್ಕಿಕೊಂಡು ಬಾಗಿಲಲ್ಲಿ ಕೂರುತ್ತಿದ್ದ. ಅವನು ಸತ್ತ ಮೇಲೆ ಎರಡನೆಯ ಬಿಷಪ್, ಆಮೇಲೆ ಮೂರನೆಯವನು. ಮೂರು ತಲೆಮಾರಿನ ಬೆಕ್ಕುಗಳು ಹ್ಯಾಚರ್ಡರ ಮರ್ಯಾದೆಯನ್ನು ತಿಂದು ಬೆಳೆದವು. ಮೂರನೆಯವನು ಎಷ್ಟು ದಪ್ಪಗಾದನೆಂದರೆ ಬಾಗಿಲಲ್ಲಿ ಸಿಕ್ಕಿಕೊಂಡು ಗಿರಾಕಿಗಳು ಕಿಟಕಿ ಹತ್ತಿ ಒಳಗೆ ಬರಬೇಕಾಯಿತು.

ಒಂದು ಸಲ ನಾನು ಅವರಿಗೆ, ಬೇಡ ಎಂದು ಒಂದು ಮಾತು ಹೇಳಿದರೆ ಮುಗಿಯಿತಲ್ಲ ಎಂದೆ. ಆಗಲೇ ಏಳು ವರ್ಷ ಕಳೆದಿತ್ತು. ಅವರು ಜೇಬನ್ನು ಒರೆಸಿಕೊಳ್ಳುತ್ತಾ, ಈಗ ಹೇಳಿದರೆ ಹಿಂದಿನ ಏಳು ವರ್ಷವೂ ಸುಳ್ಳಾಗುತ್ತದೆ, ಪಾಪ, ಬಸ್ಸಿನಲ್ಲಿ ಹೋಗಿ ತರುತ್ತಾರೆ ಎಂದರು. ನಾನು ಒಪ್ಪಿದೆ. ನಮ್ಮೂರಿನಲ್ಲಿ ಯಾರಾದರೂ ಒಪ್ಪುತ್ತಿದ್ದರು.

ಹಾಗಾದರೆ ಮೀನು ತಪ್ಪಿಸಿಕೊಳ್ಳಲು ಬೇರೆ ಊರಿಗೆ ಹೋಗಬಹುದಿತ್ತಲ್ಲ, ಏಕೆ ಬರುತ್ತಿದ್ದರು? ಅದು ಊರಿಗೆಲ್ಲ ಗೊತ್ತಿತ್ತು. ಮೊದಲ ಒಂಬತ್ತು ವರ್ಷಗಳಲ್ಲಿ ಅವರು ಊರಿನ ಮನೆಗಳನ್ನೆಲ್ಲ ಬರೆದು ಮುಗಿಸಿದರು. ಆಮೇಲೆ ಚರ್ಚು, ಸೇತುವೆ, ಕುದುರೆಗಳು ನೀರು ಕುಡಿಯುತ್ತಿದ್ದ ಕಲ್ಲುತೊಟ್ಟಿ. ಹದಿನಾರನೆಯ ವರ್ಷ ನಮ್ಮ ಹಿತ್ತಲಿನ ಚರಂಡಿಯ ಕೊಳವೆಯನ್ನು ಮೂರು ದಿನ ಕೂತು ಬರೆದರು. ಬರೆಯಲು ಇಟ್ಟಿಗೆಯೊಂದೂ ಉಳಿಯದಿದ್ದಾಗ ಮತ್ತೆ ಮೊದಲ ಮನೆಯಿಂದ ಶುರುಮಾಡಿದರು. ಸಂಜೆ ಮೇವಿಸ್‌ಳ ಹಿತ್ತಲಿನ ತೋಟದಲ್ಲಿ ಇಬ್ಬರೂ ಎರಡು ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ನಡುವೆ ಮೂರನೆಯ ಕುರ್ಚಿಯೊಂದು ಖಾಲಿ ಇರುತ್ತಿತ್ತು, ಮರ್ಯಾದೆಗೆ. ಅವರು ಅವಳನ್ನು ಮಿಸ್ ಆಕ್ಲಿ ಎನ್ನುತ್ತಿದ್ದರು, ಅವಳು ಅವರನ್ನು ಮಿಸ್ಟರ್ ಹ್ಯಾಚರ್ಡ್ ಎನ್ನುತ್ತಿದ್ದಳು. ಇಪ್ಪತ್ತನಾಲ್ಕು ವರ್ಷದಲ್ಲಿ ಒಂದು ಅಕ್ಷರವೂ ಕಡಿಮೆಯಾಗಲಿಲ್ಲ.

ಎಂಬತ್ತೊಂದರ ಮೇ ತಿಂಗಳಲ್ಲಿ ಬಂದಾಗ ಹ್ಯಾಚರ್ಡ್ ನೌಕರಿಯಿಂದ ನಿವೃತ್ತರಾಗಿದ್ದರು. ಅಂಗಡಿಯಲ್ಲಿ ಬೆಲ್ಟುಗಳನ್ನು ಒಂದೊಂದಾಗಿ ಮುಟ್ಟಿ ನೋಡಿ, ಕೊನೆಗೆ ಬೆಕ್ಕಿಗೆ ಹೇಳುವವರಂತೆ ನನ್ನನ್ನು ಕೇಳಿದರು. “ಮಿಸ್ಟರ್ ಟಿಂಬ್ರೆಲ್, ಮಿಸ್ ಆಕ್ಲಿಯವರು ಅತಿಥಿಗಳನ್ನ ವಾರಕ್ಕಿಂತ ಹೆಚ್ಚು ಇಟ್ಕೊಳ್ಳೋದುಂಟಾ?”

“ಎಷ್ಟು ಹೆಚ್ಚು?”

“ಅದೇ... ಇದ್ದುಬಿಡೋಷ್ಟು.”

ಅವರನ್ನೇ ಕೇಳಿ ನೋಡಿ ಎಂದೆ. ಅವರು ಬೆಲ್ಟು ಕೆಳಗಿಟ್ಟು, ಕೇಳಿದರೆ ಅವರಿಗೆ ಇಲ್ಲ ಎನ್ನಲು ಸಂಕೋಚವಾಗಬಹುದು, ಹಾಗೆ ಇಕ್ಕಟ್ಟಿಗೆ ಸಿಕ್ಕಿಸುವುದು ಸರಿಯಲ್ಲ ಎಂದರು.

ಅದೇ ದಿನ ಮಧ್ಯಾಹ್ನ ಮೇವಿಸ್ ಬಂದಳು. ಹೊಲಿಗೆ ಬಿಟ್ಟ ಕೈಚೀಲವೊಂದನ್ನು ತಂದಿದ್ದಳು. ಹೊಲಿಗೆಯನ್ನು ಬೆಳಿಗ್ಗೆ ಅವಳೇ ಬಿಚ್ಚಿದ್ದಳೆಂದು ನೋಡಿದರೇ ತಿಳಿಯುತ್ತಿತ್ತು. ಮೇಲಿನ ಹಿಂದುಗಡೆಯ ಕೋಣೆಗೆ ಸುಣ್ಣ ಬಳಿಸಿದ್ದಾಗಿ ಹೇಳಿದಳು. ಅಲ್ಲಿಗೆ ಉತ್ತರದ ಬೆಳಕು ಬರುತ್ತದೆ, ಚಿತ್ರ ಬರೆಯುವವರಿಗೆ ಅದೇ ಒಳ್ಳೆಯದಂತೆ.

“ವಿಲ್ಫ್, ಅವರು ಇದ್ದುಬಿಡ್ತೀನಿ ಅಂದ್ರೆ ನಾನು ಆ ಬೋರ್ಡು ತೆಗೆದು ಒಲೆಗೆ ಹಾಕಿಬಿಡ್ತೀನಿ ಕಣೋ. ಮೂವತ್ತು ವರ್ಷ ಆಯ್ತು, ಬಂದವರೆಲ್ಲ ಶನಿವಾರ ಹೋಗೋದನ್ನೇ ನೋಡಿದ್ದೀನಿ. ಒಬ್ಬರಾದ್ರೂ ಹೋಗದೆ ಇರ್ಲಿ.”

ಹೇಳಿಬಿಡು ಎಂದೆ. ಶನಿವಾರ ತಿಂಡಿಯ ಹೊತ್ತಿಗೆ ಹೇಳುತ್ತೇನೆ ಎಂದಳು.

ಅವರು ಬೆಳಿಗ್ಗೆ ಕೇಳಿದ್ದನ್ನು ನಾನು ಆಗಲೇ ಅವಳಿಗೆ ಹೇಳಬಹುದಿತ್ತು. ಅವಳು ಹೋದ ಕಾಲು ಗಂಟೆಯಲ್ಲಿ ಅದನ್ನು ಬೇಕರಿಯ ಡೋರೀನ್‌ಗೆ ಹೇಳಿದೆ. ಡೋರೀನ್ ಬಸ್ಸಿನವನಿಗೆ ಹೇಳಿದಳು. ಸಂಜೆಯೊಳಗೆ ಪಾದ್ರಿಯವರಿಗೂ ಗೊತ್ತಾಯಿತು, ಅವರು ಚರ್ಚಿನ ಹೂವಿನ ಪಟ್ಟಿಯಲ್ಲಿ ಜೂನ್ ತಿಂಗಳ ಒಂದು ಶನಿವಾರವನ್ನು ಮದುವೆಗಿರಲಿ ಎಂದು ಖಾಲಿ ಬಿಟ್ಟರು. ಆದರೆ ಇಂಥ ಮಾತನ್ನು ಸಂಬಂಧಪಟ್ಟವರ ಮುಂದೆ ಎತ್ತುವುದು ನಮ್ಮಲ್ಲಿ ಸಭ್ಯತೆಯಲ್ಲ. ಊರಿಗೆ ಊರೇ ಹೇಳಿಕೊಂಡು ತಿರುಗಬಹುದು, ಆ ಇಬ್ಬರಿಗೆ ಹೇಳಬಾರದು. ಸುದ್ದಿ ಮುಟ್ಟಿಸುವುದರಲ್ಲಿ ನಮ್ಮೂರು ಅಷ್ಟು ಗಟ್ಟಿ.

ಶನಿವಾರ ಬೆಳಿಗ್ಗೆ ಮೇವಿಸ್ ಮೀನಿನ ತಟ್ಟೆ ಇಟ್ಟು ಅಡುಗೆಮನೆಗೆ ಹೋಗಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಅತಿಥಿಯ ಎದುರು ಕುರ್ಚಿ ಎಳೆದುಕೊಂಡು ಕೂತಳು. ಹ್ಯಾಚರ್ಡರ ಕೈ ಜೇಬಿನ ಎಣ್ಣೆಕಾಗದದ ಮೇಲೆ ನಿಂತಿತು. ಅವಳು ಎದುರಿಗಿರುವಾಗ ದಾರಿ ಒಂದೇ ಇತ್ತು. ಅವರು ಚಾಕು ಎತ್ತಿಕೊಂಡು ಮೀನನ್ನು ತಿಂದರು, ಮುಳ್ಳು ಬಿಟ್ಟು ಪೂರ್ತಿ. ಅವಳು ಮಾತಿಗೆ ಎರಡು ಸಲ ಬಾಯಿ ತೆರೆದಳು. ಮೂರನೆಯ ಸಲ ಬಾಯಿಂದ ಬಂದದ್ದು ಇದು: “ಇನ್ನೊಂದು ಮೀನು ಹಾಕ್ಲಾ ಮಿಸ್ಟರ್ ಹ್ಯಾಚರ್ಡ್?”

ಅವರು ಹೇಳಿದರು: “ತುಂಬಾ ಸಂತೋಷ ಮಿಸ್ ಆಕ್ಲಿ.”

ಎರಡನೆಯದನ್ನೂ ತಿಂದರು. ಹತ್ತೂವರೆಯ ರೈಲಿಗೆ ಹೊರಟರು. ಹೊರಡುವಾಗ ಬೀದಿಯಲ್ಲಿ ನಿಂತು ಆ ಮನೆಯನ್ನು ಬಹಳ ಹೊತ್ತು ನೋಡಿದರು, ಮುಖ ಮೇಣದ ಬಣ್ಣಕ್ಕೆ ತಿರುಗಿತ್ತು. ಅಗಲಿಕೆಯ ದುಃಖವೆಂದು ಮೇವಿಸ್ ತಿಳಿದಳು. ಮೀನೆಂದು ನಾನು ತಿಳಿದೆ. ಎರಡೂ ಇದ್ದಿರಬೇಕು.

ಮರುವರ್ಷ ಏಪ್ರಿಲಿನಲ್ಲಿ ಅವಳಿಗೆ ಒಂದು ಕಾಗದ ಬಂತು. ಇಷ್ಟು ವರ್ಷ ಒಳ್ಳೆಯ ಕೋಣೆಯನ್ನು ತಾನೊಬ್ಬನೇ ಹಿಡಿದುಕೊಂಡದ್ದು ನ್ಯಾಯವಲ್ಲ, ಬೇರೆಯವರಿಗೂ ಅವಕಾಶವಾಗಲಿ, ಈ ಸಲ ಚೌಕದ ಹೋಟೆಲಿನಲ್ಲಿ ಉಳಿಯುತ್ತೇನೆ ಎಂದು ಹ್ಯಾಚರ್ಡ್ ಬರೆದಿದ್ದರು. ಅವಳು ಅದನ್ನು ನನಗೆ ಓದಲು ಕೊಟ್ಟು ಕಿಟಕಿಯ ಕಡೆ ತಿರುಗಿ ನಿಂತಳು. ಕೂತು ಮಾತಾಡಿಸಲು ಹೋದದ್ದೇ ತಪ್ಪಾಯಿತು, ಹೇಳದೆ ಇದ್ದರೂ ಮನಸ್ಸಿನಲ್ಲಿದ್ದದ್ದನ್ನು ಕಂಡು ಹೆದರಿದರು ಎಂದಳು. ಇದ್ದುಬಿಡುವ ಮಾತನ್ನು ಅವರು ಎತ್ತಿದ್ದು ನನಗೆ ಗೊತ್ತಿತ್ತು, ಆದರೆ ಆಮೇಲೆ ಮನಸ್ಸು ಬದಲಾಗಿಲ್ಲ ಎನ್ನಲು ಆಗ ಆಧಾರವಿರಲಿಲ್ಲ.

ಮೇ ತಿಂಗಳಲ್ಲಿ ಆಧಾರ ಸಿಕ್ಕಿತು. ಹ್ಯಾಚರ್ಡ್ ಕೋಲೂರಿಕೊಂಡು ಬಂದಿದ್ದರು. ಹಿಂದಿನ ವರ್ಷ ರೈಲಿನಲ್ಲೇ ಕುಸಿದರಂತೆ, ರಕ್ತದೊತ್ತಡ, ಹೃದಯ. ಉಪ್ಪುಮೀನು ವಾಸನೆಗೂ ಕೂಡದೆಂದು ಡಾಕ್ಟರು ಹೇಳಿದ್ದರು. “ಮೀನು ಬೇಡ ಅಂತ ಹೇಳೋದಕ್ಕಿಂತ ಮನೆ ಬಿಡೋದೇ ವಾಸಿ ಅನ್ನಿಸ್ತು ಮಿಸ್ಟರ್ ಟಿಂಬ್ರೆಲ್. ಅವರಿಗೆ ಬೇಜಾರಾಗಬಾರದು ನೋಡಿ,” ಎಂದರು. ಬೇಜಾರು ಮಾಡದಿರಲು ಅದಕ್ಕಿಂತ ಕೆಟ್ಟ ಉಪಾಯ ನಮ್ಮೂರಿನ ಒಬ್ಬ ಗಂಡಸಿಗೆ ಹೊಳೆದದ್ದು ನಾನು ಕಂಡಿಲ್ಲ, ಕಂಡದ್ದು ಕಡಿಮೆಯೇನಲ್ಲ. ಅವಳಿಗೆ ಮಾತ್ರ ಹೇಳಬೇಡಿ ಎಂದು ನನ್ನಿಂದ ಮಾತು ತೆಗೆದುಕೊಂಡರು. ನಾನು ಅವಳಿಗೆ ಮಾತ್ರ ಹೇಳಲಿಲ್ಲ.

ನಮ್ಮದು ಒಂದೇ ಬೀದಿಯ ಊರು. ಮೇವಿಸ್‌ಳ ಮನೆಯ ಮುಂದೆ ಹಾಯದೆ ಚೌಕದಿಂದ ನದಿಗೆ ಹೋಗಬೇಕೆಂದರೆ ಚರ್ಚಿನ ಹಿಂದಿನ ಸಮಾಧಿಗಳ ನಡುವೆ ನಡೆದು, ಜೌಗು ಹುಲ್ಲುಗಾವಲು ಸುತ್ತಿ, ಮುಕ್ಕಾಲು ಮೈಲಿ ಹೆಚ್ಚು ಹೋಗಬೇಕು. ಹ್ಯಾಚರ್ಡ್ ಕೋಲೂರಿಕೊಂಡು ಹಾಗೇ ಹೋದರು, ಮೂರು ದಿನ. ಮೇವಿಸ್ ಸುಣ್ಣ ಬಳಿಸಿದ ಹಿಂದಿನ ಕೋಣೆಯಿಂದ ಆ ಹುಲ್ಲುಗಾವಲು ಚೆನ್ನಾಗಿ ಕಾಣುತ್ತದೆ. ಆ ವಾರ ಮನೆಯಲ್ಲಿ ಒಬ್ಬ ಅತಿಥಿಯೂ ಇರಲಿಲ್ಲ, ಆದರೂ ಕಿಟಕಿಯಲ್ಲಿ ‘ಕೋಣೆ ಖಾಲಿ ಇಲ್ಲ’ ಎಂಬ ಬೋರ್ಡು ಹಾಕಿದ್ದಳು. ಊರು ನೋಡಲು ಬಂದ ದಂಪತಿಗಳು ಬಾಗಿಲು ತಟ್ಟಿದರೆ ಹೊರಗಿನಿಂದಲೇ ಕಳಿಸಿಬಿಡುತ್ತಿದ್ದಳು.

ಒಂದು ಬೆಳಿಗ್ಗೆ ಇಬ್ಬರೂ ಬೇಕರಿಯಲ್ಲಿ ಎದುರುಬದುರಾದರು. ನಾನು ರೊಟ್ಟಿಗೆ ಸಾಲಿನಲ್ಲಿ ನಿಂತಿದ್ದೆ. ಡೋರೀನ್ ರೊಟ್ಟಿ ಕತ್ತರಿಸುತ್ತಿದ್ದವಳು ಚಾಕುವನ್ನು ಅರ್ಧದಲ್ಲೇ ನಿಲ್ಲಿಸಿದಳು. ಸಾಲಿನಲ್ಲಿದ್ದ ಹನ್ನೊಂದು ಜನ ಎಷ್ಟು ಗಟ್ಟಿಯಾಗಿ ಉಸಿರು ಬಿಗಿಹಿಡಿದರೆಂದರೆ ಒಲೆಯೊಳಗಿನ ಬನ್ನುಗಳು ಉಬ್ಬುವುದನ್ನು ನಿಲ್ಲಿಸಿದವು.

“ಹವಾ ಚೆನ್ನಾಗಿದೆ ಮಿಸ್ಟರ್ ಹ್ಯಾಚರ್ಡ್.”

“ಸ್ವಲ್ಪ ಗಾಳಿ ಇದೆ ಮಿಸ್ ಆಕ್ಲಿ.”

“ಹೋಟೆಲು ಅನುಕೂಲವಾಗಿದ್ಯಾ?”

“ಪರವಾಗಿಲ್ಲ. ನೆಲ ಸಪಾಟಾಗಿದೆ, ನಡೆಯೋಕೆ ಒಂದು ಥರಾ ಆಗುತ್ತೆ.”

“ಅಭ್ಯಾಸ ಆಗ್ಹೋಗುತ್ತೆ.”

“ಆಗ್ಬಹುದು.”

ಅವಳು ಅರ್ಧ ರೊಟ್ಟಿ ತೆಗೆದುಕೊಂಡು ಹೋದಳು. ಅವರು ಟೋಪಿ ಎತ್ತಿ ಹಿಡಿದವರು ಅವಳು ಬೀದಿಯ ತಿರುವು ದಾಟುವವರೆಗೂ ತಲೆಗೆ ಹಾಕಲಿಲ್ಲ. ಅವರು ಹೋದ ಮೇಲೆ ಡೋರೀನ್ ನನ್ನ ಮೇಲೆ ಹರಿಹಾಯ್ದಳು: “ನೀನಾದ್ರೂ ಬಾಯಿ ಬಿಡಬಾರದಿತ್ತಾ ವಿಲ್ಫ್? ಬೇಡದಿರೋದಕ್ಕೆಲ್ಲ ಬಿಡ್ತೀಯಲ್ಲ.” ನಿನಗೂ ಗೊತ್ತಿತ್ತಲ್ಲ ಎಂದೆ. ಅವಳು ರೊಟ್ಟಿ ಕತ್ತರಿಸತೊಡಗಿದಳು. ಸಾಲಿನಲ್ಲಿದ್ದ ಹನ್ನೊಂದು ಜನಕ್ಕೂ ಗೊತ್ತಿತ್ತು. ಎಲ್ಲರೂ ತಮ್ಮ ತಮ್ಮ ಬೂಟು ನೋಡಿಕೊಂಡರು.

ನಾಲ್ಕನೆಯ ದಿನ ಹ್ಯಾಚರ್ಡ್ ಹೊರಟುಹೋದರು. ಆ ಸಲ ಒಂದೂ ಚಿತ್ರ ಬರೆದಿರಲಿಲ್ಲ.

ಎಂಬತ್ತಮೂರರ ಮೇ ತಿಂಗಳ ಎರಡನೆಯ ವಾರ ಮೇವಿಸ್ ಮತ್ತೆ ‘ಕೋಣೆ ಖಾಲಿ ಇಲ್ಲ’ ಎಂದು ಬೋರ್ಡು ಹಾಕಿದಳು. ಹೋಟೆಲಿಗೂ ಅವರು ಬರಲಿಲ್ಲ. ಗುರುವಾರ ಅವರ ತಂಗಿಯ ಮಗಳಿಂದ ಅವಳಿಗೆ ಕಾಗದ ಬಂತು. ಅದನ್ನು ಹಿಡಿದುಕೊಂಡು ಅವಳು ಬೀದಿ ದಾಟಿ ಬಂದಳು, ಏಪ್ರನ್ ಕೂಡ ಬಿಚ್ಚಿರಲಿಲ್ಲ. ಏಪ್ರನ್ನಿನಲ್ಲಿ ಅವಳು ಬೀದಿಗೆ ಇಳಿದದ್ದನ್ನು ಅದಕ್ಕೆ ಮೊದಲು ಯಾರೂ ಕಂಡಿರಲಿಲ್ಲ.

ಫೆಬ್ರುವರಿಯಲ್ಲಿ ಮಾವ ತೀರಿಕೊಂಡರೆಂದು ಆಕೆ ಬರೆದಿದ್ದಳು. ನಿಮ್ಮ ಮನೆಯ ಮಾತು ಯಾವಾಗಲೂ ಬಾಯಲ್ಲಿತ್ತು; ಮೀನು ತಿನ್ನಬಾರದೆಂದು ಡಾಕ್ಟರು ಹೇಳಿದ್ದನ್ನು ನಿಮಗೆ ತಿಳಿಸುವುದು ಹೇಗೆಂದು ಕೊನೆಯವರೆಗೂ ಕೊರಗಿದರು; ಅದೂ ಅಲ್ಲದೆ ಅವರಿಗೆ ಮೀನು ಎಂದೂ ಸೇರುತ್ತಿರಲಿಲ್ಲವಾದ್ದರಿಂದ ನಮಗೆಲ್ಲ ಇದು ಆಶ್ಚರ್ಯವಾಗಿತ್ತು ಎಂದಿತ್ತು.

ಮೇವಿಸ್ ನನ್ನ ಮುಖ ನೋಡಿದಳು. ಆಮೇಲೆ ಬಾಗಿಲಲ್ಲಿ ಮಲಗಿದ್ದ ಬಿಷಪ್‌ನ ಹೊಟ್ಟೆ ನೋಡಿದಳು. ನಾನು ಏನೂ ಹೇಳಬೇಕಾಗಲಿಲ್ಲ, ಆದರೂ ಎಲ್ಲವನ್ನೂ ಹೇಳಿದೆ: ಎಣ್ಣೆಕಾಗದ, ಬೆಕ್ಕು, ಎಂಬತ್ತೊಂದರಲ್ಲಿ ಅವರು ಇದೇ ಜಾಗದಲ್ಲಿ ನಿಂತು ಇದ್ದುಬಿಡುವ ಮಾತು ಕೇಳಿದ್ದು, ಚೌಕದ ಹೋಟೆಲಿನ ಕಾರಣ. ಎರಡು ವರ್ಷ ತಡವಾಗಿ ಹೇಳಿದೆ. ಅವಳು ಸ್ಟೂಲಿನ ಮೇಲೆ ಕೂತು ಕೇಳಿದಳು. ಅಳಲಿಲ್ಲ. ಕಾಗದವನ್ನು ಮಡಿಸಿ, ಇನ್ನೂ ಸಣ್ಣಗೆ ಮಡಿಸಿ, ಮಡಿಸಲು ಏನೂ ಉಳಿಯದಷ್ಟು ಸಣ್ಣಗೆ ಮಾಡಿದಳು.

ಸುಮ್ಮನಿರಲಾಗದೆ, ನನಗೆ ತಿಳಿದ ಸಮಾಧಾನದ ಮಾತೊಂದನ್ನು ಆಡಿದೆ. “ಆ ಹಾಳು ಮೀನೊಂದು ಇಲ್ಲದಿದ್ರೆ ಅವರು ನಿನ್ನ ಮದುವೆ ಆಗ್ತಿದ್ರು ಮೇವಿಸ್. ನನಗೆ ಗೊತ್ತು.”

ಮೇವಿಸ್ ಎದ್ದು ಏಪ್ರನ್ನಿನ ಗಂಟು ಬಿಗಿದುಕೊಂಡಳು.

“ಮೀನು ಬೇಡ ಅನ್ನೋಕೆ ಇಪ್ಪತ್ನಾಲ್ಕು ವರ್ಷ ಸಾಲದೆ ಹೋದ ಮನುಷ್ಯ ಕಣೋ ಅವರು,” ಎಂದಳು. “ನಾನು ಬೇಕು ಅನ್ನೋಕೆ ಇನ್ನೆಷ್ಟು ವರ್ಷ ತಗೋತಿದ್ರು?”